ಯೂನಿಯನ್ ಇಲ್ಲದ ಪೈಪು

ನಾನು ಕೂಡಿಸಿದ ಪೈಪಿನಿಂದ ಇಂದಿನವರೆಗೆ ಒಂದು ಹನಿ ನೀರು ಹೊರಗೆ ಬಂದಿಲ್ಲ. ಸುಳ್ಳು ಅನ್ನುವವರು ನಮ್ಮೂರಿಗೆ ಬರಲಿ, ಯಾವ ಜೋಡಣೆಯ ಕೆಳಗೆ ಬೇಕಾದರೂ ಅಂಗೈ ಒಡ್ಡಿ ಕೂರಲಿ. ಒಣಗಿದ ಕೈಯಲ್ಲೇ ತಮ್ಮೂರಿಗೆ ಹಿಂತಿರುಗುತ್ತಾರೆ.

ಅಂಥ ನನ್ನನ್ನು ಫಕೀರಪ್ಪ ಮೇಸ್ತ್ರಿಗಳು ಪರೀಕ್ಷೆಯಲ್ಲಿ ಆರಿಸದೆ ಬಿಟ್ಟರು. ಹಾಗಾಗಿ ನೇರವಾಗಿಯೇ ಕೇಳಿದೆ: "ಮೇಸ್ತ್ರಿಗಳೇ, ಸೋರಿದವನನ್ನು ತಗೊಂಡಿರಿ, ಸೋರದವನನ್ನು ಬಿಟ್ಟಿರಿ. ಯಾಕೆ?"

ಅವರು ಜಿಲ್ಲೆಯ ಪ್ಲಂಬರ್‌ಗಳ ಯೂನಿಯನ್ನಿನ ಹಿರಿಯರು. ಕೆಲಸ ಕಲಿಯಲು ಸೇರುವವರನ್ನು ವರ್ಷಕ್ಕೊಮ್ಮೆ ಆರಿಸುವವರು ಅವರೇ. ಯೂನಿಯನ್ನಿನಲ್ಲಿ ಕಲಿತವನಿಗೆ ಎಲ್ಲಿ ಹೋದರೂ ಕೆಲಸ ಉಂಟು, ಕಲಿಯದವನು ಊರ ನಲ್ಲಿಗಳಲ್ಲೇ ಮುದುಕನಾಗಬೇಕು. ವಯಸ್ಸಿನ ಲೆಕ್ಕದಲ್ಲಿ ನನಗೆ ಅದೇ ಕೊನೆಯ ವರ್ಷ. ಇದ್ದದ್ದು ಎರಡು ಜಾಗ.

ಪರೀಕ್ಷೆ ಇಷ್ಟೇ: ತೊಟ್ಟಿಯಿಂದ ನಲ್ಲಿಯವರೆಗೆ ಪೈಪು ಎಳೆದು ನಡುವೆ ಒಂದು ವಾಲ್ವ್ ಕೂರಿಸಬೇಕು. ಕೊಟ್ಟ ಸಾಮಾನಿನಲ್ಲಿ ಒಂದು ಯೂನಿಯನ್ನೂ ಇತ್ತು. ಪೈಪಿನ ನಡುವೆ ಹಾಕಿದರೆ, ಬೇಕಾದಾಗ ಅಲ್ಲಿಯೇ ಬಿಚ್ಚಿ ಮತ್ತೆ ಕೂಡಿಸಬಹುದಾದ ಜೋಡಣೆ ಅದು. ನಮ್ಮ ಸಂಘಕ್ಕೂ ಅದಕ್ಕೂ ಒಂದೇ ಹೆಸರು. ಬಿಚ್ಚುವ ಪ್ರಮೇಯವೇ ಬರದ ಕೆಲಸಕ್ಕೆ ಅದೇಕೆ ಎಂದು ನಾನು ಪಕ್ಕಕ್ಕೆ ಎಸೆದೆ. ಎಲ್ಲರಿಗಿಂತ ಮೊದಲು ಮುಗಿಸಿ, ಪೈಪು ತಿರುಗಿಸುವ ಪಾನಾ ಹೆಗಲ ಮೇಲಿಟ್ಟುಕೊಂಡು ನಿಂತೆ. ನನ್ನ ಪಕ್ಕದಲ್ಲೇ ಪರೀಕ್ಷೆಗೆ ಕೂತಿದ್ದ ಯಮನೂರ ತನ್ನ ಯೂನಿಯನ್ನನ್ನು ಹಾಕಿ, ತೆಗೆದು, ಮತ್ತೆ ಹಾಕುತ್ತಿದ್ದ. ಅವನ ಮಗನ ಮದುವೆಯ ಹೊತ್ತಿಗಾದರೂ ಮುಗಿಯುತ್ತದೆಯೇ ಎಂದು ಕೇಳಿದೆ. ನೀರು ಬಿಟ್ಟಾಗ ನನ್ನ ಪೈಪು ಬೆವರಲೂ ಇಲ್ಲ, ಅವನದು ತೊಟ್ಟಿಕ್ಕಿತು. ಮೇಸ್ತ್ರಿಗಳು ಯಮನೂರನನ್ನು ತೆಗೆದುಕೊಂಡರು. ಇನ್ನೊಂದು ಜಾಗವನ್ನು ಯಾರಿಗೂ ಕೊಡಲಿಲ್ಲ.

ನನ್ನ ಪ್ರಶ್ನೆಗೆ ಅವರು ಕೋಪಿಸಿಕೊಳ್ಳಲಿಲ್ಲ. ಕೂರಲು ಹೇಳಿ ಒಂದು ಕತೆ ಹೇಳಿದರು.

ಒಬ್ಬ ಸಾಹುಕಾರ ಛತ್ರ ಕಟ್ಟಿಸಿದ. ಒಬ್ಬ ಫಿಟ್ಟರ್ ಅದಕ್ಕೆ ಪೈಪು ಹಾಕಿದ. ಮಾಳಿಗೆಯ ತೊಟ್ಟಿಯಿಂದ ಅಡುಗೆಮನೆಯವರೆಗೆ ಎಲ್ಲಿಯೂ ಯೂನಿಯನ್ ಹಾಕಲಿಲ್ಲ. ಸಾಹುಕಾರ ವಿಚಾರಿಸಿದಾಗ, ಅದು ತನ್ನ ಕೈಯನ್ನು ತಾನೇ ನಂಬದವರು ಹಾಕುವ ವಸ್ತು ಎಂದ. ಪೈಪಿನ ಮೇಲೆ ಗಾರೆ ಬಳಿದರು. ವರ್ಷಗಳು ಕಳೆದವು. ಗೋಡೆ ಒದ್ದೆಯಾಗಲಿಲ್ಲ. ಫಿಟ್ಟರ್ ಆ ದಾರಿಯಲ್ಲಿ ಹೋಗುವಾಗಲೆಲ್ಲ ಜತೆಗಿದ್ದವರನ್ನು ಒಳಗೆ ಕರೆದು ಗೋಡೆ ಮುಟ್ಟಿಸುತ್ತಿದ್ದ.

ಒಂದು ಮದುವೆಯ ಬೆಳಿಗ್ಗೆ ಗೋಡೆಯೊಳಗಿನ ವಾಲ್ವ್ ಕೆಟ್ಟು ನೀರು ನಿಂತಿತು. ಅಕ್ಕಿ ತೊಳೆಯಲು ನೀರಿಲ್ಲ. ಫಿಟ್ಟರನಿಗೆ ಹೇಳಿ ಕಳುಹಿಸಿದರು. ಅವನು ಬರುವುದು ತಡವಾದೀತೆಂದು ಹತ್ತಿರದ ಇನ್ನೊಬ್ಬ ಕೆಲಸಗಾರನನ್ನು ಕರೆಸಿದರು. ಕೆಲಸಗಾರ ಗಾರೆ ಒಡೆದು ಯೂನಿಯನ್ ಹುಡುಕಿದ. ಸಿಗಲಿಲ್ಲ. ನಲ್ಲಿಯ ಕಡೆಯಿಂದ ಒಂದೊಂದಾಗಿ ಬಿಚ್ಚಲು ನೋಡಿದ. ಒಂದೂ ಮಿಸುಕಲಿಲ್ಲ. ಗರಗಸ ಎತ್ತಿಕೊಂಡ. ಆಗ ಫಿಟ್ಟರ್ ಬಂದ.

"ನನ್ನ ಜೋಡಣೆ ಒಂದಾದರೂ ಸೋರಿದೆಯೇನೋ? ಕತ್ತರಿಸಲು ನಿನಗೆ ಕೈಯಾದರೂ ಹೇಗೆ ಬರುತ್ತದೆ?" ಎಂದು ಕೇಳಿದ.

"ಒಂದೂ ಸೋರಿಲ್ಲ ಅಣ್ಣಾ," ಎಂದ ಕೆಲಸಗಾರ. "ಅದಕ್ಕೇ ಎಲ್ಲವನ್ನೂ ಕತ್ತರಿಸಬೇಕಾಗಿದೆ."

ಮೇಸ್ತ್ರಿಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

ತಪ್ಪು ವಾಲ್ವಿನದು, ಫಿಟ್ಟರನದಲ್ಲ ಎಂದೆ ನಾನು. ನಾನಾಗಿದ್ದರೆ ವಾಲ್ವನ್ನೂ ನೋಡಿಯೇ ತರುತ್ತಿದ್ದೆ ಎಂದೂ ಸೇರಿಸಿದೆ. ಅಲ್ಲೇ ನಿಂತಿದ್ದ ಯಮನೂರ ಮುಖ ಆಚೆ ತಿರುಗಿಸಿ ನಕ್ಕ. ಮೇಸ್ತ್ರಿಗಳು ನಗಲಿಲ್ಲ.

"ಸೋರುವವನಿಗೆ ಬಿಗಿ ಮಾಡುವುದನ್ನು ಕಲಿಸಬಲ್ಲೆ ತಮ್ಮಾ," ಎಂದರು. "ನಿನಗೆ ಕಲಿಸಬೇಕಾದರೆ, ನಿನ್ನನ್ನು ಎಲ್ಲಿಂದ ಬಿಚ್ಚಲಿ?"

ನನ್ನ ಬಾಯಿಗೆ ನಮ್ಮೂರಲ್ಲಿ ಎದುರಿಲ್ಲ, ಬೇಕಾದರೆ ವಿಚಾರಿಸಿ. ಅಂದು ಮಾತ್ರ ಎದ್ದು ಹೋಗಿ, ನಾನು ಎಸೆದಿದ್ದ ಯೂನಿಯನ್ನನ್ನು ಹೆಕ್ಕಿ ತಂದು ಅವರ ಮುಂದಿಟ್ಟೆ.

ಆಮೇಲೆ ಎರಡನೆಯ ಜಾಗವನ್ನು ನನಗೆ ಕೊಟ್ಟರು, ಹಳೆಯ ಪೈಪು ಬಿಚ್ಚುವ ತಂಡದಲ್ಲಿ.