ಏಡಿಯ ಕೊನೆಯ ಪ್ರಶ್ನೆ

ಕಡಲಿನ ಏಡಿಯೊಬ್ಬನಿಗೆ ತನ್ನ ಗಟ್ಟಿ ಚಿಪ್ಪಿನ ಬಗ್ಗೆ ಬಲು ಜಂಬ. ಒಂದು ದಿನ, ಕೊಡೆಯ ಹಾಗೆ ಬಿಚ್ಚಿ ಮುಚ್ಚುತ್ತ ತೇಲಿಬಂದ ಲೋಳೆಮೀನನ್ನು ಅಡ್ಡಗಟ್ಟಿದ.

“ಏನೇ, ನಿನಗೆ ಚಿಪ್ಪಿದೆಯಾ?”

“ಇಲ್ಲಣ್ಣಾ.”

“ಕಾಲು?”

“ಅದೂ ಇಲ್ಲ.”

“ಹೋಗಲಿ, ತಲೆಯೊಳಗೆ ಮೆದುಳು?”

“ತಲೆಯೇ ಇಲ್ಲವಲ್ಲಣ್ಣಾ!”

ಏಡಿ ಬಿದ್ದು ಬಿದ್ದು ನಕ್ಕ. ಅಷ್ಟರಲ್ಲಿ ಹಸಿದ ದೊಡ್ಡ ಮೀನೊಂದು ಬಾಯ್ದೆರೆದು ಅವನತ್ತ ನುಗ್ಗಿತು. ಏಡಿ ಎದ್ದೆನೋ ಬಿದ್ದೆನೋ ಎಂದು ಓಡಿ ಲೋಳೆಮೀನಿನ ಬೆನ್ನೇರಿದ. ಇಳಿಬಿದ್ದಿದ್ದ ಅವಳ ಉದ್ದನೆಯ ವಿಷದೆಳೆಗಳು ಮೂತಿಗೆ ತಾಕಿದ್ದೇ ತಡ, ಬೆನ್ನಟ್ಟಿ ಬಂದ ಮೀನಿಗೆ ಚುರ್ರೆಂದು ಉರಿಯಿತು. ಅದು ಹಿಂತಿರುಗಿ ನೋಡದೆ ಓಡಿತು.

ಏಡಿ ಮಾತ್ರ ಇಳಿಯಲಿಲ್ಲ. ಕಾಲು ಮುದುರಿಕೊಂಡು ಮೆಲ್ಲಗೆ ಕೇಳಿದ: “ಅಕ್ಕಾವ್ರೇ, ಈಗ ಎತ್ತ ಹೋಗೋಣ?”

“ನನ್ನನ್ನೇನು ಕೇಳುತ್ತೀ ಅಣ್ಣಾ? ಮೆದುಳಿರುವುದು ನಿನಗಲ್ಲವೇ!”