ಎಡಗಡೆಯ ಗಾಲಿ

"ಅಪ್ಪಾರ, ಧ್ಯಾನಕ್ಕ ಕುಂತ್ರ ಮನಸು ನಡಗತೈತ್ರಿ. ಯಾಕ್ರಿ?"

ಹೀಗೆ ಕೇಳಿದವನು ಚನ್ನವೀರ, ಮಠದ ಶಿಷ್ಯ. ಅವನ ಕೋಣೆಯಲ್ಲಿ ಜೊತೆಗಿದ್ದ ಅಡಿವೆಪ್ಪ ಮಠ ಬಿಟ್ಟು ಹೋಗಿ ಒಂದು ಮಳೆಗಾಲ ಕಳೆದಿತ್ತು. 'ನೀನು ಅನ್ನಕ್ಕಾಗಿ ಮಠ ಸೇರಿದವನು' ಎಂದು ಪಂಕ್ತಿಯಲ್ಲಿ ಎಲ್ಲರೆದುರು ಚನ್ನವೀರ ಆಡಿದ ಮಾತೇ ಅದಕ್ಕೆ ಕಾರಣ. ಅಂದು ಎಲೆಯ ಮುಂದಿನಿಂದ ಎದ್ದ ಅಡಿವೆಪ್ಪ ಮತ್ತೆ ಬಂದು ಕೂರಲಿಲ್ಲ. ಇದೆಲ್ಲ ಗುರುಗಳಿಗೆ ಗೊತ್ತಿತ್ತು. ಆದರೆ ಚನ್ನವೀರ ಆ ಹೆಸರು ಎತ್ತಲಿಲ್ಲ.

"ಕುಂದ್ರೂ ಜಾಗಾ ಬದಲಿಸಿದೆರಿ. ಊಟಾ ಕಡಿಮಿ ಮಾಡಿದೆ, ಜಪಾ ಹೆಚ್ಚು ಮಾಡಿದೆ. ಯಾರ ಮ್ಯಾಲೂ ಏನೂ ಮನಸಿನ್ಯಾಗ ಇಟಗೊಂಡಿಲ್ರಿ. ಎಲ್ಲಾ ಬಿಟ್ಟೀನ್ರಿ," ಎಂದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಜೇನು ಸಾಕುವವನಿದ್ದ. ಅವನಿಗೆ ಊರೆಂಬುದು ಹೆಸರಿಗೆ ಮಾತ್ರ. ಹೂವು ಎಲ್ಲಿಯೋ ಅಲ್ಲಿ ಅವನ ಬಿಡಾರ. ಸೂರ್ಯಕಾಂತಿ ಅರಳಿದರೆ ಒಂದು ಸೀಮೆ, ಗುರೆಳ್ಳು ಅರಳಿದರೆ ಇನ್ನೊಂದು ಸೀಮೆ. ಜೇನುಪೆಟ್ಟಿಗೆಗಳನ್ನು ಹಳೆಯ ಪಿಕಪ್ ಗಾಡಿಯಲ್ಲಿ ಹೇರಿಕೊಂಡು ತಿರುಗುತ್ತಿದ್ದ. ಜೊತೆಗೆ ತಿರುಗುತ್ತಿದ್ದವಳು ಹೆಂಡತಿ ಒಬ್ಬಳೇ.

ಆ ಗಾಡಿಯ ನಾಲ್ಕು ಗಾಲಿಗಳೂ ಎಳೆಯಬಲ್ಲವು. ಆದರೆ ಕೇಳದೆ ಎಳೆಯುವುದಿಲ್ಲ. ಮುಂದಿನ ಎರಡು ಗಾಲಿಗಳ ನಟ್ಟನಡುವೆ ಒಂದೊಂದು ಲಾಕ್; ಅದನ್ನು ಹಾಕಿದರೆ ಮಾತ್ರ ಆ ಗಾಲಿ ಇಂಜಿನ್ನಿನೊಂದಿಗೆ ಕೂಡಿಕೊಂಡು ಎಳೆಯುತ್ತದೆ. ಕರಿ ಮಣ್ಣಿನ ಕೆಸರು ಬಂತೆಂದರೆ ಇಳಿದು ಎರಡನ್ನೂ ಕೈಯಿಂದ ತಿರುವಿ ಹಾಕಬೇಕು. ಡಾಂಬರು ರಸ್ತೆ ಬಂತೆಂದರೆ ಮತ್ತೆ ಇಳಿದು ಬಿಚ್ಚಬೇಕು. ಗಂಡ ಇಳಿಯುವುದು ಬಲಗಡೆ, ಹೆಂಡತಿ ಇಳಿಯುವುದು ಎಡಗಡೆ. ಯಾರು ಯಾವ ಬಾಗಿಲಿಂದ ಇಳಿಯುತ್ತಾರೋ ಆ ಕಡೆಯ ಲಾಕ್ ಅವರದು. ಹೀಗೆಂದು ಇಬ್ಬರೂ ಕೂತು ಮಾತಾಡಿರಲಿಲ್ಲ. ಸಂಸಾರದಲ್ಲಿ ಎಷ್ಟೋ ಕೆಲಸ ಹೀಗೆ ಮಾತಿಲ್ಲದೆ ಹಂಚಿಕೆಯಾಗಿರುತ್ತದೆ.

ಒಮ್ಮೆ ಮಳೆ ಹಿಡಿದಿತ್ತು. ಪೆಟ್ಟಿಗೆಗಳನ್ನು ಬೇರೆ ಹೊಲಕ್ಕೆ ಒಯ್ಯಬೇಕಿತ್ತು. "ನೆಲ ಆರಲಿ, ನಾಳಿ ಹೋಗೂಣು," ಎಂದಳು ಹೆಂಡತಿ. ಅವನು ಕೇಳಲಿಲ್ಲ. ಹೊಲದ ದಾರಿಯಲ್ಲಿ ಗಾಡಿ ಹೂತಿತು. ಇಬ್ಬರೂ ಇಳಿದು ತಂತಮ್ಮ ಕಡೆಯ ಲಾಕ್ ಹಾಕಿದರು. ತಪ್ಪು ತನ್ನದೆಂದು ಗೊತ್ತಿದ್ದವನ ಬಾಯಿ ಸುಮ್ಮನಿರುವುದಿಲ್ಲ. ಮೊಣಕಾಲುದ್ದ ಕೆಸರಿನಲ್ಲಿ ನಿಂತವಳನ್ನು ನೋಡಿ, "ಎಲ್ಲಾ ನಿನ್ನ ಕಾಲ್ಗುಣ," ಎಂದುಬಿಟ್ಟ.

ಮಕ್ಕಳಿಲ್ಲದ ಆ ಹೆಂಗಸಿಗೆ ಆ ಮಾತು ಹೊಸದಲ್ಲ. ಊರೆಲ್ಲ ಆಡಿತ್ತು. ಅವನು ಮಾತ್ರ ಆಡಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಗಾಡಿ ಹತ್ತಲಿಲ್ಲ. ಬದುವಿನ ಮೇಲೆ ನಡೆದು ಹೋಗಿ ಬಸ್ಸು ಹಿಡಿದು ತವರು ಸೇರಿದಳು. ಸಿಟ್ಟು ಇಳಿದರೆ ತಾನೇ ಬರುತ್ತಾಳೆ ಎಂದುಕೊಂಡ. ಗಾಡಿ ಹೇಗೋ ಕೆಸರಿನಿಂದ ಎದ್ದಿತು. ಡಾಂಬರು ಬಂದಾಗ ಅವನು ಇಳಿದ, ಲಾಕ್ ಬಿಚ್ಚಿದ, ಹತ್ತಿ ಹೊರಟ.

ಆ ಸಂಜೆಯಿಂದಲೇ ಗಾಡಿ ನಡುಗತೊಡಗಿತು.

ನಿಧಾನವಾಗಿ ಹೋದರೆ ಏನೂ ಇಲ್ಲ. ವೇಗ ಹಿಡಿದರೆ ತಳದಿಂದ ನಡುಕ ಏಳುತ್ತದೆ. ಮನುಷ್ಯನಾದರೆ ತಡೆದುಕೊಂಡಾನು, ಜೇನುಹುಳು ತಡೆಯುವುದಿಲ್ಲ. ಪೆಟ್ಟಿಗೆಯೊಳಗೆ ಮೇಣದ ಎರಿ ಕಳಚಿ ಬೀಳುತ್ತದೆ. ಜೇನುತುಪ್ಪ ಸೋರುತ್ತದೆ, ಹುಳುಗಳು ತಮ್ಮದೇ ತುಪ್ಪದಲ್ಲಿ ಅಂಟಿಕೊಂಡು ಸಾಯುತ್ತವೆ. ರಾಣಿ ಸತ್ತರೆ ಆ ಪೆಟ್ಟಿಗೆ ಮುಗಿದ ಹಾಗೇ. ಒಂದೊಂದು ಸೀಮೆ ದಾಟಿದಾಗಲೂ ಕೆಲವು ಪೆಟ್ಟಿಗೆ ಬರಿದಾದವು. ಇನ್ನೊಂದು ವರ್ಷ ಹೀಗೇ ಆದರೆ ತನ್ನ ಕಸುಬೇ ಉಳಿಯುವುದಿಲ್ಲ ಎಂದು ಅವನಿಗೆ ಹೆದರಿಕೆ ಹತ್ತಿತು.

ಗಾಲಿಗೆ ಮೆತ್ತಿದ ಮಣ್ಣೆಲ್ಲ ಕೆರೆದು ತೊಳೆದ. ನಡುಕ ಹೋಗಲಿಲ್ಲ. ಟಯರುಗಳನ್ನು ಹಿಂದುಮುಂದು ಮಾಡಿಸಿದ. ಹೋಗಲಿಲ್ಲ. ಒಬ್ಬ ಮೆಕ್ಯಾನಿಕ್ ಹಿಂದಿನ ಶಾಫ್ಟ್ ಇಳಿಸಿ ಅದರ ಜಾಯಿಂಟು ಬದಲಿಸಿದ. ಇನ್ನೊಬ್ಬ ಇಂಜಿನ್ನಿನ ಕೆಳಗಿನ ರಬ್ಬರು ಬದಲಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಹಾಗೆಂದು ಅವರೇನೂ ದಡ್ಡರಲ್ಲ. "ಮುಂದಿನ ಲಾಕ್ ಬಿಚ್ಚೀರಿಲ್ಲೋ?" ಎಂದು ಎಲ್ಲರೂ ಮೊದಲು ಕೇಳಿದ್ದರು. "ಬಿಚ್ಚೀನ್ರಿ," ಎಂದು ಅವನು ಹೇಳಿದ್ದ. ಬಲಗಡೆಯದನ್ನು ಬಗ್ಗಿ ನೋಡಿ, ಸರಿಯಿದೆ ಎಂದು ಅವರು ಮುಂದಿನ ಕೆಲಸಕ್ಕೆ ಕೈ ಹಾಕಿದ್ದರು.

ಹೆಂಡತಿ ಬರಲಿಲ್ಲ. ಅವನು ಕರೆಯಲು ಹೋಗಲಿಲ್ಲ. ತಾನಾಗಿ ಹೋದವಳು ತಾನಾಗಿ ಬರಲಿ ಎಂಬ ಹಟ. ಪಕ್ಕದ ಸೀಟು ಕಣ್ಣಿಗೆ ಬೀಳಬಾರದೆಂದು ಅದರ ಮೇಲೆ ಹೊಗೆಡಬ್ಬಿ, ಮುಸುಕಿನ ಬಲೆ, ಖಾಲಿ ಚೀಲ ಎಲ್ಲ ಒಟ್ಟಿದ. ಜೇನಿನ ಹತ್ತಿರ ಗಟ್ಟಿಯಾಗಿ ಮಾತಾಡಬಾರದು ಎಂದು ಹಿಂದೆ ಅವನೇ ಅವಳನ್ನು ಗದರುತ್ತಿದ್ದ. ಈಗ ಪಿಸುಮಾತಿಗೂ ಯಾರಿರಲಿಲ್ಲ. ಹೊಸ ಸೀಮೆಗೆ ಹೋದಾಗ ಹೊಲದ ಒಡೆಯರು, "ಮನೀಯವರು ಬಂದಿಲ್ಲೇನು?" ಎಂದು ಕೇಳುತ್ತಿದ್ದರು. "ಬರ್ತಾಳ್ರಿ," ಎನ್ನುತ್ತಿದ್ದ. ಅವನಿಗೆ ಅಳು ಬರುತ್ತಿತ್ತು. ಆದರೆ ಅದಕ್ಕೆಲ್ಲ ಗಾಡಿಯ ನಡುಕವೇ ಕಾರಣ, ಅದೊಂದು ಸರಿಹೋದರೆ ತಾನೂ ಸರಿಹೋಗುತ್ತೇನೆ ಎಂದುಕೊಂಡಿದ್ದ.

ಕೊನೆಗೆ ಒಬ್ಬ ಮುದುಕ ಮೆಕ್ಯಾನಿಕನ ಬಳಿ ಬಂದ. ಮುದುಕ ಏನನ್ನೂ ಬಿಚ್ಚಲಿಲ್ಲ. "ನಡೀ, ಒಂದು ಸುತ್ತು ಹಾಕೂಣು. ಆ ಸೀಟು ಖಾಲಿ ಮಾಡು," ಎಂದ. ಜೇನಿನವನು ಡಬ್ಬಿ, ಬಲೆ, ಚೀಲ ಒಂದೊಂದೇ ತೆಗೆದು ಹಿಂದೆ ಹಾಕಿದ. ಅವಳು ಹೋದ ಮೇಲೆ ಆ ಸೀಟಿನಲ್ಲಿ ಮೊದಲ ಸಲ ಒಬ್ಬರು ಕೂತರು.

ಗಾಡಿ ವೇಗ ಹಿಡಿಯಿತು, ನಡುಕ ಎದ್ದಿತು. ಗೇರು ತಪ್ಪಿಸಿ ಗಾಡಿಯನ್ನು ಸುಮ್ಮನೆ ಉರುಳಲು ಬಿಡು ಎಂದ ಮುದುಕ. ಬಿಟ್ಟರೂ ನಡುಗಿತು. ಹಾಗಾದರೆ ಇಂಜಿನ್ನಿನದು ತಪ್ಪಿಲ್ಲ. ಮುದುಕ ಚಪ್ಪಲಿ ಕಳಚಿ ಬರಿಗಾಲನ್ನು ಕೆಳಗಿನ ತಗಡಿನ ಮೇಲೆ ಊರಿದ. ನಡುಕ ಅವನು ಕೂತ ಎಡಗಡೆಯ ಗಾಲಿಯಿಂದ ನೇರವಾಗಿ ಅವನ ಅಂಗಾಲಿಗೆ ಬರುತ್ತಿತ್ತು. ಗಾಡಿ ನಿಲ್ಲಿಸಲು ಹೇಳಿದ.

"ಕೆಸರು ದಾಟಿದ ಮ್ಯಾಲೆ ಲಾಕ್ ಬಿಚ್ಚತಿಯೇನು?"

"ಬಿಚ್ಚತೀನಿ ಕಾಕಾ. ಒಂದಿನಾನೂ ಮರ್ತಿಲ್ಲ."

"ಬಲಗಡೀದು ನೀ ಬಿಚ್ಚತಿ. ಎಡಗಡೀದು ಯಾರು ಬಿಚ್ಚತಾರ?"

"ಅದು ಆಕಿ ಕೆಲಸ," ಎಂದ ಜೇನಿನವನು. ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೇ ತಿಳಿಯಿತು.

ಅವಳು ಹಾಕಿ ಹೋದ ಲಾಕ್ ಹಾಕಿದಂತೆಯೇ ಇತ್ತು. ಆಮೇಲೆ ಎಷ್ಟು ಕೆಸರು ದಾಟಿದನೋ, ಪ್ರತಿಸಲವೂ ತನ್ನ ಕಡೆಯದನ್ನಷ್ಟೇ ಹಾಕಿ ತನ್ನ ಕಡೆಯದನ್ನಷ್ಟೇ ಬಿಚ್ಚಿದ್ದ. ಎಡಗಡೆಯದು ಹೇಗೂ ಹಾಕಿಯೇ ಇದ್ದುದರಿಂದ ಕೆಸರಿನಲ್ಲಿ ಗಾಡಿ ಎಂದಿನಂತೆ ಎಳೆದಿತ್ತು. ಡಾಂಬರಿನ ಮೇಲೆ ಮಾತ್ರ ಎಡಗಾಲಿ ತನಗೆ ಕಟ್ಟಿದ ಕಬ್ಬಿಣವನ್ನು ದಿನವೂ ಸುಮ್ಮನೆ ತಿರುಗಿಸುತ್ತ ಬಂದಿತ್ತು. ಅದರದೇ ನಡುಕ.

ಮುದುಕ ಮೈಲಿಗಲ್ಲಿನ ಮೇಲೆ ಕೂತು ಬೀಡಿ ಹಚ್ಚಿದ. "ಹೋಗು, ನೀನೇ ಬಿಚ್ಚು," ಎಂದ.

ಜೇನಿನವನು ಗಾಡಿಯ ಮುಂದಿನಿಂದ ಸುತ್ತಿ ಹೋಗಿ ಎಡಗಾಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಲಾಕಿನ ಮೇಲೆ ಕೈಯಿಟ್ಟ, ತಿರುವಲಿಲ್ಲ. ಅದನ್ನು ಕೊನೆಯ ಸಲ ಮುಟ್ಟಿದ್ದು ಅವಳ ಕೈ. ಕೆಸರಿನಲ್ಲಿ ನಿಂತು, ಅವನಿಗಾಗಿ, ಅವನ ಹಟಕ್ಕಾಗಿ ಅದನ್ನು ತಿರುವಿದ್ದಳು. ಆಮೇಲೆ ಆ ಮಾತು ಕೇಳಿಸಿಕೊಂಡಿದ್ದಳು. ಮುದುಕ ಬೇರೆ ಕಡೆ ಮುಖ ಮಾಡಿದ. ಲಾಕು ಬಿಗಿದುಹೋಗಿತ್ತು, ಎರಡೂ ಕೈ ಹಾಕಿ, ಅಳುತ್ತಲೇ ತಿರುವಿದ.

ಮುದುಕನನ್ನು ಗ್ಯಾರೇಜಿನ ಬಳಿ ಇಳಿಸಿ ಒಬ್ಬನೇ ಹೊರಟ. ಗಾಡಿ ವೇಗ ಹಿಡಿಯಿತು. ನಡುಕವಿಲ್ಲ. ಸಂತೋಷವಾಗಬೇಕಿತ್ತು, ಆಗಲಿಲ್ಲ. ನಡುಕ ಇದ್ದಷ್ಟು ದಿನ ಅದನ್ನು ಬೈಯುತ್ತ ಹೊತ್ತು ಕಳೆದಿದ್ದ. ಈಗ ಬೈಯಲು ಏನೂ ಇಲ್ಲ. ಗಾಡಿಯ ಹಿಂಭಾಗದಲ್ಲಿ ಉಳಿದಿದ್ದ ಪೆಟ್ಟಿಗೆಗಳೊಳಗಿನ ಹುಳುಗಳ ಸಣ್ಣ ಸದ್ದು ಬಹಳ ದಿನದ ಮೇಲೆ ಕಿವಿಗೆ ಬಿತ್ತು. ಆ ಸದ್ದು ಕೇಳಿದಾಗೆಲ್ಲ ಅವಳು, "ಮಲಗ್ಯಾವು, ಸಾವಕಾಶ ಹೋಗು," ಎನ್ನುತ್ತಿದ್ದಳು. ಪಕ್ಕಕ್ಕೆ ತಿರುಗಿ ನೋಡಿದ. ಸೀಟು ಬರಿದಾಗಿತ್ತು. ಅದು ಎಷ್ಟು ಬರಿದೆಂದು ಅವನಿಗೆ ಅಂದೇ ತಿಳಿಯಿತು. ಸೂರ್ಯಕಾಂತಿಯ ಹೊಲಕ್ಕೆ ಹೋಗಬೇಕಾದ ಗಾಡಿಯನ್ನು ಹೊರಳಿಸಿ ಅವಳ ತವರಿನ ದಾರಿ ಹಿಡಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಚನ್ನವೀರ ಕಾದ.

"ಆಕಿ ಬಂದಳೇನ್ರಿ, ಅಪ್ಪಾರ?" ಎಂದು ಕೇಳಿದ.

"ಎಲ್ಲಾ ಬಿಟ್ಟೀನಿ ಅಂದಿ, ನೀ ಬಿಟ್ಟದ್ದು ನಿನ್ನ ಕಡೀದು, ಚನ್ನವೀರ. ಅಡಿವೆಪ್ಪನ ಕಡೀದು ಯಾರು ಬಿಚ್ಚತಾರ?" ಎಂದರು ಗುರುಗಳು.