ಗಿಟಾರಿನೊಳಗೆ ರೊಟ್ಟಿ ಅರಿವಿ

ಹಿರೇಬೇವಿನಾಳದ ಮಠಕ್ಕೆ ಹೊಸದಾಗಿ ಬಂದವರು ಪರಮಪೂಜ್ಯ ಶ್ರೀ ಬೂದಯ್ಯ ಅಜ್ಜನವರನ್ನು ಗದ್ದುಗೆಯ ಕೋಣೆಯಲ್ಲಿ ಹುಡುಕುತ್ತಿದ್ದರು. ಅಜ್ಜನವರು ಅಲ್ಲಿ ಸಿಗುತ್ತಿರಲಿಲ್ಲ. ಮಠದ ಹಿಂದೆ ತಗಡಿನ ಮಾಡಿನ ಅಡುಗೆಮನೆ. ಅಲ್ಲಿಯ ಹೊಗೆಯೊಳಗೆ, ಒಲೆಯ ಮುಂದೆ ಮಣೆ ಹಾಕಿಕೊಂಡು ದಾಸೋಹಕ್ಕೆ ಜೋಳದ ರೊಟ್ಟಿ ಬಡಿಯುತ್ತಿದ್ದ ಮುದುಕರೇ ಅಜ್ಜನವರು. ಮೈಮೇಲಿನ ಕಾವಿಯ ತುಂಬ ಹಿಟ್ಟು. "ಅಡಿಗಿಯವರ, ಅಜ್ಜಾರು ಎಲ್ಲಿ ಅದಾರ್ರಿ?" ಎಂದು ಅವರನ್ನೇ ಕೇಳಿದವರೂ ಉಂಟು. ಆಗ ಅಜ್ಜನವರು, "ಮೊದ್ಲು ಉಣ್ಣ್ರಿ, ಆಮ್ಯಾಲೆ ಸಿಗ್ತಾರ" ಎಂದು ನಗುತ್ತಿದ್ದರು.

ನಾನು ಆ ಊರಿನ ಶಾಲೆಯಲ್ಲಿ ಅಕ್ಕೋರಾಗಿದ್ದವಳು. ರಜೆ ಬಂದರೆ ಮಠದ ಒಲೆಯ ಮುಂದೆ ಸೇವೆಗೆ ಕೂರುತ್ತಿದ್ದೆ. ಈಗಿನವರು ಅಜ್ಜನವರ ಹೆಸರಿನಲ್ಲಿ ಏನೇನೋ ಹುಟ್ಟಿಸಿ ಹೇಳುತ್ತಾರೆ. ನೀರಿನ ಮೇಲೆ ನಡೆದರಂತೆ, ಹಾವಿನ ಹೆಡೆ ಸವರಿದರಂತೆ! ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ಪುಣ್ಯಾತ್ಮರ ದೊಡ್ಡಸ್ತಿಕೆಗೆ ನೀರೂ ಬೇಕಿಲ್ಲ, ಹಾವೂ ಬೇಕಿಲ್ಲ. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಅವತ್ತು ಧಸಕ್ಕೆಂದ ಎದೆ ಇವತ್ತಿಗೂ ಪೂರ್ತಿ ಸಮಾಧಾನಕ್ಕೆ ಬಂದಿಲ್ಲ.

ನಮ್ಮೂರಿನಲ್ಲಿ ಪಂಪಾಪತಿ ಎಂಬವನಿದ್ದ. ಮದುವೆ ಆರತಕ್ಷತೆಗಳಿಗೆ ಹೋಗುವ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವವನು. ಅವನ ಹೆಂಡತಿ ಸರ್ವಮಂಗಳಾ ಅದೇ ಆರ್ಕೆಸ್ಟ್ರಾದ ಹಾಡುಗಾರ್ತಿ, ನನ್ನ ಕೈಯಲ್ಲಿ ಓದಿದ ಹುಡುಗಿ. ಲಂಗ ಉಡುವ ವಯಸ್ಸಿನಿಂದಲೂ ಅಮಾವಾಸ್ಯೆಯ ಸಂಜೆ ಮಠದ ಭಜನೆಯಲ್ಲಿ ಹಾಡಿದವಳು. ಅಜ್ಜನವರು ಕೈತಾಳ ಬಾರಿಸುತ್ತ ಒಂದು ಸಾಲು ಹೇಳಿದರೆ ಮುಂದಿನ ಸಾಲು ಅವಳದು. ಅವಳ ದನಿ ಕೇಳುವುದಕ್ಕೆಂದೇ ಪಕ್ಕದ ಊರುಗಳಿಂದ ಜನ ಬರುತ್ತಿದ್ದರು.

ಆ ದನಿ ಒಮ್ಮೆಲೇ ನಿಂತುಹೋಯಿತು. ಗಂಗಾವತಿಯ ಒಂದು ಮದುವೆಯಲ್ಲಿ ಹಾಡು ನಡುವೆಯೇ ಮುರಿದುಬಿತ್ತಂತೆ. ಗಿಟಾರ್ ಒಂದು ಕಡೆ, ಹಾಡು ಒಂದು ಕಡೆ. ಜನ ಸಿಳ್ಳೆ ಹೊಡೆದರು. ಪಂಪಾಪತಿ ಏನು ಮಾಡಿದ ಗೊತ್ತೇ? ಮೈಕಿನಲ್ಲಿ, ಅಷ್ಟು ಜನರ ಎದುರಿಗೆ, "ಸರ್ವಮಂಗಳಾ, ಲಯ ತಪ್ಪಬ್ಯಾಡ" ಎಂದುಬಿಟ್ಟ! ಅವಳು ಮೈಕು ಇಟ್ಟು ಕೆಳಗಿಳಿದಳು. ಆಮೇಲೆ ಅವಳು ವೇದಿಕೆಯಲ್ಲಿ ಹಾಡಲಿಲ್ಲ, ಮಠದಲ್ಲಿ ಹಾಡಲಿಲ್ಲ, ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ಗುನುಗಲಿಲ್ಲ. ಭಜನೆಗೆ ಬರುತ್ತಿದ್ದಳು, ಹೆಂಗಸರ ಸಾಲಿನ ಕೊನೆಗೆ ಬಾಯಿ ಮುಚ್ಚಿ ಕೂರುತ್ತಿದ್ದಳು.

ಹೀಗಿರುವಾಗ ಒಂದು ಮುಂಜಾನೆ ಪಂಪಾಪತಿ ಗಿಟಾರ್ ಹೆಗಲಿಗೇರಿಸಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ. ನಮಸ್ಕಾರವಿಲ್ಲ, ಏನಿಲ್ಲ.

"ಅಜ್ಜಾರ, ನಾ ಈ ಮಠ ಗಿಠ ನಂಬಾವಲ್ರೀ. ಆದ್ರ ಆಕಿ ನಿಮ್ಮ ಮಾತು ಕೇಳ್ತಾಳ. ಹಾಡು ಅಂತ ಒಂದು ಮಾತು ಹೇಳ್ರಿ. ನಾ ದಿನಾ ತಾಸುಗಟ್ಲೆ ಮೊಬೈಲ್‌ನ್ಯಾಗ ತಾಳದ ಟಕ್ ಟಕ್ ಹಾಕ್ಕೊಂಡು ಪ್ರಾಕ್ಟೀಸ್ ಮಾಡ್ತೀನಿ. ನನ್ನ ಲಯ ತಪ್ಪಂಗಿಲ್ಲ."

ಅವನ ಸೊಕ್ಕು ನೋಡಿ ಕೈಯಲ್ಲಿದ್ದ ಹಿಟ್ಟಿನ ಮುದ್ದೆಯನ್ನೇ ಎಸೆಯಬೇಕೆನಿಸಿತು. ಅಜ್ಜನವರು ತಲೆಯೆತ್ತಲಿಲ್ಲ. ರೊಟ್ಟಿ ಬಡಿಯುತ್ತಲೇ, "ಬಾರಿಸು ತಮ್ಮಾ, ಕೇಳೂಣು" ಎಂದರು.

ಅವನು ಜೋಳದ ಚೀಲದ ಮೇಲೆ ಕೂತು ನುಡಿಸಿದ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು. ನಡುವೆ ಒಂದು ಕಡೆ ಬೆರಳು ತಪ್ಪಿತು. "ಛೇ" ಎಂದು ಹಿಂದಕ್ಕೆ ಹೋಗಿ ಅದನ್ನು ಸರಿಯಾಗಿ ನುಡಿಸಿ ಮುಂದುವರಿಸಿದ. ಮತ್ತೊಂದು ಕಡೆಯೂ ಹಾಗೆಯೇ ಆಯಿತು.

"ಹಿಂದಕ್ಕ ಯಾಕ ಹೋದಿ?" ಎಂದರು ಅಜ್ಜನವರು.

"ತಪ್ಪಿತ್ರಿ. ಸರಿ ಮಾಡಿದೆ."

ಅಜ್ಜನವರು ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಅದಕ್ಕೆ ನೀರು ಸವರುವ ಅರಿವಿಯನ್ನು, ಆ ಬಟ್ಟೆಯ ತುಂಡನ್ನು, ಕೈಗೆತ್ತಿಕೊಂಡರು. ನೀರು ಸವರಿದರು. ಅರಿವಿಯನ್ನು ಗಟ್ಟಿಯಾಗಿ ಹಿಂಡಿ ಕೊಡವಿದರು. ಆಮೇಲೆ ಕೈಚಾಚಿ, ಹಿಟ್ಟು ಮಸಿ ಹತ್ತಿದ ಆ ಅರಿವಿಯನ್ನು ಪಂಪಾಪತಿಯ ಗಿಟಾರಿನ ತಂತಿಗಳ ಕೆಳಗೆ ತುರುಕಿಬಿಟ್ಟರು!

ಅಯ್ಯೋ ಶಿವನೇ! ಆ ಗಿಟಾರಿನ ಮೇಲೆ ಧೂಳು ಕೂತರೂ ಅಂಗಿಯ ತುದಿಯಿಂದ ಒರೆಸುವವನು ಅವನು. ಮುಖ ಕೆಂಡವಾಯಿತು. ಏನು ಬೈಯುತ್ತಾನೋ ಎಂದು ನಾನು ಕಣ್ಣು ಮುಚ್ಚಿದೆ.

"ಈಗ ಬಾರಿಸು" ಎಂದರು ಅಜ್ಜನವರು. "ನಾ ಬಡದಂಗ ಬಾರಿಸು. ಬೆರಳು ಎಂದಿನಂಗ ಹಿಡಿ."

ಯಾಕೋ ಏನೋ, ಅವನು ಎದುರಾಡಲಿಲ್ಲ. ಈಗ ಗಿಟಾರಿನಿಂದ ರಾಗ ಬರಲಿಲ್ಲ. ಬರೀ ತಪ್ ತಪ್ ಸದ್ದು. ಅತ್ತ ರೊಟ್ಟಿಯ ಸದ್ದು, ಇತ್ತ ತಂತಿಯ ಸದ್ದು. ಎಡಗೈ ಬೆರಳುಗಳು ಒಂದು ಹಿಡಿತದಿಂದ ಇನ್ನೊಂದಕ್ಕೆ ಹೋಗುವಾಗ ಬಲಗೈ ಒಂದು ಗಳಿಗೆ ನಿಂತಿತು. ರೊಟ್ಟಿ ನಿಲ್ಲಲಿಲ್ಲ. ಮತ್ತೆ ಹಿಡಿತ ಬದಲಾಯಿತು, ಮತ್ತೆ ಬಲಗೈ ನಿಂತಿತು. ಇಷ್ಟು ದಿನ ತಂತಿಯ ಗುಂಗು ಆ ಸಂದನ್ನು ಮುಚ್ಚಿಡುತ್ತಿತ್ತು. ಈಗ ಮುಚ್ಚುವುದಕ್ಕೆ ಏನೂ ಇರಲಿಲ್ಲ. ನನ್ನಂಥ ಸಂಗೀತ ತಿಳಿಯದವಳಿಗೂ ಅದು ಕೇಳಿಸಿತು.

ಪಂಪಾಪತಿಯ ಮುಖದ ಬಣ್ಣವೇ ಇಳಿಯಿತು. "ನನ್ನ ಕೈ ನಿಂದರ್ತೈತಿ" ಎಂದ. ಯಾರಿಗೆ ಹೇಳಿದನೋ ಅವನಿಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅಜ್ಜನವರ ಕೈಕೆಳಗಿನ ರೊಟ್ಟಿ ಅಂಚಿನಲ್ಲಿ ಬಿರಿಯಿತು. ಬಲಗೈ ಬಡಿಯುತ್ತಲೇ ಇತ್ತು. ಎಡಗೈ ರೊಟ್ಟಿಯನ್ನು ತಿರುಗಿಸುತ್ತ, ಬಿರಿದದ್ದನ್ನು ಒತ್ತಿ ಕೂಡಿಸಿ, ಮತ್ತೆ ತಿರುಗಿಸಿತು.

"ನೋಡಿದೇನು? ಹರದದ್ದು ಬಡಿಯೋ ಕೈಗೆ ಗೊತ್ತಾಗಬಾರ್ದು" ಎಂದರು ಅಜ್ಜನವರು.

ಅಷ್ಟೇ ಉಪದೇಶ. ಅವತ್ತಿನಿಂದ ಪಂಪಾಪತಿ ದಿನವೂ ಬಂದ. ಅರಿವಿ ತಂತಿಯ ಕೆಳಗೇ ಇತ್ತು. ಮೊದಮೊದಲು ನಿಧಾನ, ಎಷ್ಟು ನಿಧಾನವೆಂದರೆ ನನಗೆ ಆಕಳಿಕೆ ಬರುತ್ತಿತ್ತು. ಕಾಲಿನಿಂದ ನೆಲ ತಟ್ಟುತ್ತ, ಬಾಯಲ್ಲಿ ಒಂದು ಎರಡು ಮೂರು ನಾಕು ಎನ್ನುತ್ತ, ರೊಟ್ಟಿಯ ಸದ್ದಿಗೆ ಕೈ ಕೂಡಿಸುತ್ತಿದ್ದ. ತಪ್ಪಿದಾಗ "ಛೇ" ಎನ್ನುವುದಕ್ಕೆ ಬಾಯಿ ತೆರೆಯುತ್ತಿದ್ದ. ಅಜ್ಜನವರು ಒಮ್ಮೆ ನೋಡಿದರೆ ಸಾಕು, ಬಾಯಿ ಮುಚ್ಚಿ ಮುಂದೆ ಹೋಗುತ್ತಿದ್ದ. ಹೆಂಡತಿಯ ಮಾತನ್ನು ಅವನೂ ಎತ್ತಲಿಲ್ಲ, ಅಜ್ಜನವರೂ ಎತ್ತಲಿಲ್ಲ.

ಅಮಾವಾಸ್ಯೆ ಬಂತು. ನಮ್ಮ ಮಠದ ಭಜನೆಗೆ ಒಂದು ಕಟ್ಟಳೆಯಿದೆ. ಸಂಜೆ ದೀಪ ಹಚ್ಚಿ ಬಡಿತ ಶುರುವಾದರೆ ಮಂಗಳಾರತಿಯವರೆಗೆ ನಿಲ್ಲಬಾರದು. ಪದ ಮುಗಿದು ಇನ್ನೊಂದು ಪದ ಬರುವ ನಡುವೆಯೂ ಬಡಿತ ಇರಲೇಬೇಕು. ಬಾರಿಸುವವರಿಗೆ ಕೈ ಸೋತರೆ ಪಕ್ಕದವರು ಕೈತಾಳವನ್ನು ಒಂದು ಪೆಟ್ಟೂ ತಪ್ಪದಂತೆ ತೆಗೆದುಕೊಳ್ಳಬೇಕು. ಹಿಂದಿನ ಅಜ್ಜನವರ ಕಾಲದಿಂದ ನಡೆದುಬಂದದ್ದು. ನಿಂತರೆ ಊರಿಗೆ ಕೇಡೆಂದು ನಂಬಿದವರೂ ಇದ್ದರು.

ಅವತ್ತು ಅಜ್ಜನವರು ಪಂಪಾಪತಿಯನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಅರಿವಿ ತೆಗೆಸಿದ್ದರು. ಮಠದೊಳಗೆ ಗಿಟಾರೇ ಎಂದು ಊರಿನ ಹಿರಿಯರಾದ ಕಳಕಪ್ಪ ಶೆಟ್ಟರು ಗೊಣಗಿದರು. ತಮಗೆ ಸರಿಕಾಣದ್ದನ್ನೆಲ್ಲ ಗೊಣಗುವುದು ಅವರ ಕೆಲಸವೇ ಆಗಿತ್ತು. ಹೆಂಗಸರ ಸಾಲಿನ ಕೊನೆಯಲ್ಲಿ ಸರ್ವಮಂಗಳಾ ತಲೆತಗ್ಗಿಸಿ ಕೂತಿದ್ದಳು.

ಅಜ್ಜನವರು ಕೈತಾಳ ಬಾರಿಸುತ್ತ ಒಂದು ಪದ ಎತ್ತಿಕೊಂಡರು. ತಬಲ ಸೇರಿತು, ಗಿಟಾರ್ ಸೇರಿತು. ಪದ ನಡುವೆ ಬಂದಿತ್ತು. ಆಗ ಅಜ್ಜನವರು, ನಾನು ಕಣ್ಣಾರೆ ನೋಡಿದೆ, ಕೈತಾಳವನ್ನು ನೆಲದ ಮೇಲೆ ಇಟ್ಟುಬಿಟ್ಟರು. ಹಾಡನ್ನೂ ನಿಲ್ಲಿಸಿಬಿಟ್ಟರು.

ಮಠಕ್ಕೆ ಮಠವೇ ಬೆಚ್ಚಿಬಿತ್ತು. ತಬಲದವರ ಕೈ ಗಾಳಿಯಲ್ಲೇ ನಿಂತಿತು. ಯಾರೋ ಹೆಂಗಸು "ಯಪ್ಪಾ" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಶೆಟ್ಟರು ಎದ್ದೇಬಿಟ್ಟರು. ಅಜ್ಜನವರಿಗೆ ಏನಾಯಿತೋ ಎಂದು ನಾನೂ ಅರ್ಧ ಎದ್ದೆ.

ಉಳಿದದ್ದು ಗಿಟಾರ್ ಒಂದೇ.

ಪಂಪಾಪತಿಗೂ ಗಾಬರಿಯಾಗಿತ್ತು. ಬೆರಳು ತಪ್ಪಿತು, ಕರ್ಕಶವಾದ ಒಂದು ಸ್ವರ ಎಲ್ಲರಿಗೂ ಕೇಳಿಸಿತು. ಹಿಂದಕ್ಕೆ ಹೋಗುತ್ತಾನೆ, ಹೋದ, ಎಂದುಕೊಂಡೆ. ಹೋಗಲಿಲ್ಲ! ಬಲಗೈ ಮೇಲೆ ಕೆಳಗೆ, ಮೇಲೆ ಕೆಳಗೆ, ಹಾಗೇ ನಡೆದಿತ್ತು. ಅಷ್ಟು ಜನ ತುಂಬಿದ ಮಠದಲ್ಲಿ ಆ ಒಂದು ಕೈ ಬಿಟ್ಟರೆ ಬೇರೆ ಸದ್ದಿಲ್ಲ.

ಆಗ ಹೆಂಗಸರ ಸಾಲಿನ ಕೊನೆಯಿಂದ, ಅಜ್ಜನವರು ಬಿಟ್ಟಲ್ಲಿಂದಲೇ, ಮುಂದಿನ ಸಾಲು ಬಂತು. ಸರ್ವಮಂಗಳಾ ಹಾಡುತ್ತಿದ್ದಳು. ಕೂತಲ್ಲೇ, ತಲೆ ಮಾತ್ರ ಎತ್ತಿ, ಗಂಡನ ಕೈಯನ್ನೇ ನೋಡುತ್ತ ಹಾಡುತ್ತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ.

ಪದ ಮುಗಿಯಿತು. ಕಟ್ಟಳೆಯಂತೆ ಬಡಿತ ನಡೆದಿತ್ತು. ಪಂಪಾಪತಿ ಕೈ ನಿಲ್ಲಿಸದೆ, ಇಡೀ ಮಠಕ್ಕೆ ಕೇಳುವಂತೆ ಹೇಳಿದ:

"ಗಂಗಾವತ್ಯಾಗ ಲಯ ತಪ್ಪಿದ್ದು ನಾನು. ಆಕಿ ಅಲ್ಲ. ಮೈಕಿನ್ಯಾಗ ಸುಳ್ಳು ಹೇಳಿದೆ."

ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

ಸರ್ವಮಂಗಳಾ ಅಂದಳು, "ನನಗ ಅವತ್ತ ಗೊತ್ತಿತ್ರಿ. ಈಗ ಕೈ ನಿಲ್ಲಿಸಬ್ಯಾಡ್ರಿ." ಅಂದವಳೇ ಮುಂದಿನ ಪದ ಎತ್ತಿಕೊಂಡಳು. ಅಜ್ಜನವರು ಕೈತಾಳವನ್ನು ಮತ್ತೆ ಕೈಗೆ ತೆಗೆದುಕೊಂಡರು.

ಮಂಗಳಾರತಿ ಆದ ಮೇಲೆ ಶೆಟ್ಟರು ತಡೆಯಲಾರದೆ ಕೇಳಿಯೇಬಿಟ್ಟರು: "ಅಜ್ಜಾರ, ಇದೇನ್ರಿ ಅನ್ಯಾಯ? ಹಿರ್ಯಾರ ಕಾಲದ ಕಟ್ಟಳಿ ಮುರದ್ರಲ್ರಿ!"

"ಬಡಿತ ನಿಂತಿತ್ತೇನ್ರಿ ಶೆಟ್ಟರ?" ಎಂದು ಅಜ್ಜನವರು ಕೇಳಿದರು.

ಶೆಟ್ಟರು ಕೈ ಮುಗಿದು ಪ್ರಸಾದದ ಸಾಲಿಗೆ ಹೋದರು.

ಪಂಪಾಪತಿ ಮಾತ್ರ ಹೋಗಲಿಲ್ಲ. ನಮಸ್ಕಾರವೂ ಇಲ್ಲದೆ ಬಂದಿದ್ದವನು ಈಗ ಅಜ್ಜನವರ ಪಾದದ ಮೇಲೆ ಹಣೆಯಿಟ್ಟು ಏಳಲಿಲ್ಲ.

"ಯಪ್ಪಾ, ನನ್ನಂಥವನ ಮ್ಯಾಲೆ ಇಡೀ ಮಠದ ಕಟ್ಟಳಿ ಬಿಟ್ರಲ್ಲ. ನನ್ನ ಕೈ ನಿಂತಿದ್ರ?"

ಅಜ್ಜನವರು ಅವನ ತಲೆಯ ಮೇಲೆ ಕೈಯಿಟ್ಟರು. ಆ ಕೈಗೆ ಮುಂಜಾನೆಯ ಹಿಟ್ಟು ಇನ್ನೂ ಹತ್ತಿತ್ತು.

"ನಿಂತಿದ್ರ ನಾ ತಪ್ಪಿದಂಗ. ತಪ್ಪಿದ್ರ ಏನಾತು ತಮ್ಮಾ, ಮುಂದಿನ ಪೆಟ್ಟು ಇರ್ತಿತ್ತಲ್ಲ" ಎಂದರು.

ಆ ಅರಿವಿಯನ್ನು ಅವನು ತಿರುಗಿ ಕೊಡಲೇ ಇಲ್ಲ. ಇಂದಿಗೂ ಗಂಡ ಹೆಂಡತಿ ಎಲ್ಲಿ ಹಾಡಲು ಹೋದರೂ ಅದು ಗಿಟಾರಿನ ಚೀಲದಲ್ಲಿರುತ್ತದೆ. ಅಮಾವಾಸ್ಯೆಯ ಮುಂಜಾನೆ ಮಾತ್ರ ಇಬ್ಬರೂ ತಪ್ಪದೆ ಮಠದ ಅಡುಗೆಮನೆಗೆ ಬರುತ್ತಾರೆ. ಪಂಪಾಪತಿ ಅಜ್ಜನವರ ಮಣೆಯ ಪಕ್ಕದಲ್ಲಿ ಕೂತು ರೊಟ್ಟಿ ಬಡಿಯುತ್ತಾನೆ, ಅವಳು ಬೇಯಿಸುತ್ತ ಹಾಡುತ್ತಾಳೆ. ಅವನ ರೊಟ್ಟಿ ಈಗಲೂ ಅಂಚಿನಲ್ಲಿ ಹರಿಯುತ್ತದೆ. ಕೈ ನಿಲ್ಲುವುದಿಲ್ಲ.